ಹಳೇ ಲಾರಿಗೆ ಯಾವ ಸಾಮಾನು ಹಾಕಬೇಕು? ಅಪ್ಪನ ಅಂಗಡಿಯಲ್ಲಿ ಕಲಿತ ಲೆಕ್ಕ

2004ರ ಟಾಟಾ 1613 ಓಡಿಸುವ ಒಬ್ಬರು ಹೋದ ವಾರ ಹೊಸಪೇಟೆಯ ನಮ್ಮ ಅಂಗಡಿಗೆ ಬಂದಿದ್ದರು. ಇರುವುದು ಒಂದೇ ಲಾರಿ. ಮಾಲೀಕರೂ ಅವರೇ, ಡ್ರೈವರೂ ಅವರೇ. ಗಂಗಾವತಿಯಲ್ಲಿ ಅಕ್ಕಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಕೈಯಲ್ಲಿ ಮೇಸ್ತ್ರಿ ಬರೆದುಕೊಟ್ಟ ಚೀಟಿ ಇತ್ತು. ಕ್ಲಚ್ ಸೆಟ್, ಹಿಂದಿನ ಬ್ರೇಕ್ ಲೈನಿಂಗ್ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ), ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್, ಎಡಗಡೆ ಬಾಗಿಲು, ಡೀಸೆಲ್ ಪಂಪಿನ ಕೆಲಸ, ಎರಡು ಟೇಲ್ ಲ್ಯಾಂಪು. ನಾನು ಒಂದೊಂದಕ್ಕೂ ಮೂರು ಮೂರು ರೇಟು ಹೇಳಿದೆ. ಅವರು ಚೀಟಿ ಮಡಚಿ ಕೌಂಟರ್ ಮೇಲಿಟ್ಟರು. “ರೇಟು ಸಾಕು ಅಣ್ಣಾ. ನಿಮ್ಮದೇ ಗಾಡಿ ಆಗಿದ್ರೆ ಯಾವುದು ಹಾಕ್ತಿದ್ರಿ, ಅದು ಹೇಳ್ರಿ” ಅಂದರು.

ಹಳೇ ಲಾರಿ ಇಟ್ಟುಕೊಂಡವರೆಲ್ಲ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಕಂಪನಿ ಡಬ್ಬಿಯ ಜೆನ್ಯೂನ್ ಇದೆ. ಕಂಪನಿಗೆ ಸಾಮಾನು ಮಾಡಿಕೊಡುವವರೇ ತಮ್ಮ ಹೆಸರಲ್ಲಿ ಮಾರುವ ಒಇಎಂ ಇದೆ. ಹೆಸರಿಲ್ಲದ ಸಣ್ಣ ತಯಾರಕರ ಅಗ್ಗದ ಲೋಕಲ್ ಇದೆ. ಗುಜರಿಯಲ್ಲಿ ಬಿಚ್ಚಿದ ಹಳೇ ಸಾಮಾನು ಇದೆ. ಇದ್ದದ್ದನ್ನೇ ಬಿಚ್ಚಿ, ಸವೆದದ್ದಷ್ಟನ್ನೇ ಸರಿಮಾಡಿ ರೀಕಂಡಿಷನ್ ಮಾಡಿಸುವ ದಾರಿಯೂ ಇದೆ. ಐದರಲ್ಲಿ ಯಾವುದೂ ಪೂರ್ತಿ ಕೆಟ್ಟದ್ದಲ್ಲ. ಎಲ್ಲದಕ್ಕೂ ಒಂದೇ ದಾರಿ ಹಿಡಿದರೆ ಮಾತ್ರ ನಷ್ಟ.

ಚೀಟಿಗೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಅಪ್ಪ ಗಿರಾಕಿಗೆ ಏನು ಕೇಳುತ್ತಿದ್ದರು ಅಂತ ಹೇಳಬೇಕು.

ಇದು ಹೋದರೆ ಗಾಡಿ ಎಲ್ಲಿ ನಿಲ್ಲುತ್ತದೆ?

ನಾನು ಹದಿನೆಂಟು ವರ್ಷಕ್ಕೆ ಅಂಗಡಿಯಲ್ಲಿ ಕೂತಾಗ ಗಿರಾಕಿ ಕೇಳಿದ್ದನ್ನು ಎತ್ತಿಕೊಡುವುದೇ ವ್ಯಾಪಾರ ಅಂದುಕೊಂಡಿದ್ದೆ. ಅಪ್ಪ ಹಾಗೆ ಕೊಡುತ್ತಿರಲಿಲ್ಲ. ಎಂಥ ಸಾಮಾನು ಕೇಳಿದರೂ ಅವರದು ಒಂದೇ ಪ್ರಶ್ನೆ: “ಇದು ಹೋದ್ರೆ ಗಾಡಿ ಎಲ್ಲಿ ನಿಲ್ತೈತಿ?”

ಉತ್ತರ ಮೂರೇ. ಬಾಗಿಲಿನ ಹಿಡಿಕೆ ಮುರಿದರೆ ಗಾಡಿ ನಿಲ್ಲುವುದೇ ಇಲ್ಲ, ಕೆಲಸ ನಡೆಯುತ್ತದೆ. ಕ್ಲಚ್ ಹೋದರೆ ರಸ್ತೆ ಪಕ್ಕ ನಿಲ್ಲುತ್ತದೆ, ಒಂದೆರಡು ದಿನದ ದುಡಿಮೆ ಹೋಗುತ್ತದೆ. ಬ್ರೇಕ್ ಹೋದರೆ, ಸ್ಟೇರಿಂಗಿನ ಟೈ ರಾಡ್ ಎಂಡ್ ಕಳಚಿದರೆ, ಗಾಡಿಯನ್ನು ನಿಲ್ಲಿಸಲಿಕ್ಕೇ ಆಗುವುದಿಲ್ಲ. ಬೆಲೆಯ ಮಾತು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ನಿಂತ ದಿನದ ಲೆಕ್ಕ. ಮೂರನೆಯದಕ್ಕೆ ಚೌಕಾಶಿಯೇ ಬೇಡ.

ಅವರ ಎರಡನೇ ಪ್ರಶ್ನೆ ಕೂಲಿಯದು. ಆ ಸಾಮಾನಿನವರೆಗೆ ಕೈ ಹೋಗಬೇಕಾದರೆ ಏನೇನು ಬಿಚ್ಚಬೇಕು? ಟೇಲ್ ಲ್ಯಾಂಪಿಗೆ ಎರಡು ನಟ್ಟು. ಗೇರ್ ಬಾಕ್ಸಿನ ಮುಂದಿನ ಆಯಿಲ್ ಸೀಲಿಗೆ ಇಡೀ ಗೇರ್ ಬಾಕ್ಸ್ ಇಳಿಸಬೇಕು. ಸೀಲು ಎಷ್ಟೇ ಅಗ್ಗದ್ದಾದರೂ ಅದರ ನಿಜವಾದ ಬೆಲೆ ಆ ಕೂಲಿಯೂ ಸೇರಿಯೇ ಅಲ್ವಾ?

ಇನ್ನು ಮೂರು ವಿಷಯ ಬೇಗ ಹೇಳುತ್ತೇನೆ. ಗಾಡಿ ಇನ್ನೆಷ್ಟು ವರ್ಷ ನಿಮ್ಮ ಹತ್ತಿರ ಇರುತ್ತದೆ? ಯಾವ ಲೋಡು, ಯಾವ ರಸ್ತೆ? ಸಾಮಾನು ಬರಲು ಎಷ್ಟು ದಿನ ಕಾಯಬಲ್ಲಿರಿ? ಇಷ್ಟಕ್ಕೆ ಉತ್ತರ ಇದ್ದರೆ ಮುಂದಿನದು ಸುಲಭ.

ಜೆನ್ಯೂನ್: ಬೇರೆಯವರು ಸರಿಯಾಗಿ ಮಾಡದ ಕಡೆ

ಜೆನ್ಯೂನ್ ಅಂದರೆ ಟಾಟಾ ಅಥವಾ ಅಶೋಕ್ ಲೇಲ್ಯಾಂಡ್ ಹೆಸರಿನ ಡಬ್ಬಿಯಲ್ಲಿ, ಪಾರ್ಟ್ ನಂಬರ್ ಸಮೇತ ಬರುವ ಮಾಲು. ಬೆಲೆ ಎಲ್ಲಕ್ಕಿಂತ ಜಾಸ್ತಿ. ಆದರೆ ಅಳತೆ ಸರಿಯಾಗಿರುತ್ತದೆ. ಮೇಸ್ತ್ರಿ ಅರ ಹಿಡಿದು ಉಜ್ಜುತ್ತಾ ಕೂರಬೇಕಾಗಿಲ್ಲ.

ನನ್ನ ಪ್ರಕಾರ ಜೆನ್ಯೂನಿಗೆ ದುಡ್ಡು ಹಾಕಬೇಕಾದ್ದು ಹಲ್ಲಿಗೆ ಹಲ್ಲು ಕೂರುವ, ಅಳತೆ ತಪ್ಪಲೇಬಾರದ ಜಾಗಗಳಿಗೆ. ಹಿಂದಿನ ಆಕ್ಸಲ್‌ನ ಹೌಸಿಂಗ್ ಒಳಗೆ ಚಕ್ರ ತಿರುಗಿಸುವ ಕ್ರೌನ್ ಪಿನಿಯನ್, ಗೇರ್ ಬಾಕ್ಸಿನ ಗೇರುಗಳು, ಎಂಜಿನ್ ಹೆಡ್ಡು, ಟೈಮಿಂಗ್ ಗೇರು. ಕ್ರೌನು ಪಿನಿಯನ್ನು ಜೋಡಿಯಾಗಿಯೇ ಬರುತ್ತವೆ, ಜೋಡಿಯಾಗಿಯೇ ಹಾಕಬೇಕು. ಒಂದು ಹಳೆಯದು ಒಂದು ಹೊಸದು ಹಾಕಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಹಲ್ಲು ಹೋಗುತ್ತದೆ.

ಹಳೇ ಮಾಡೆಲ್‌ಗೆ ಇದರಲ್ಲಿ ಒಂದು ತೊಂದರೆ ಇದೆ. ಬೇಗ ಖರ್ಚಾಗುವ ಸಾಮಾನು ಈಗಲೂ ಬರುತ್ತದೆ. ಅಪರೂಪಕ್ಕೆ ಬೇಕಾಗುವುದು ನಿಂತುಹೋಗಿರುತ್ತದೆ, ಇಲ್ಲವೇ ನಂಬರ್ ಬದಲಾಗಿರುತ್ತದೆ. ಆದ್ದರಿಂದ ಬರೀ “1613ದು ಕೊಡ್ರಿ” ಅಂದರೆ ಸಾಲದು. 1613 ಅಂದರೆ ಸುಮಾರು 16 ಟನ್, ಸುಮಾರು 130 ಎಚ್‌ಪಿ ಅಂತಷ್ಟೇ ಅರ್ಥ. ಅದೇ ಹೆಸರಲ್ಲಿ ಎಷ್ಟೋ ಬದಲಾವಣೆ ಬಂದುಹೋಗಿವೆ. ಚಾಸಿ ನಂಬರ್ ಬರೆದುಕೊಂಡು ಬನ್ನಿ. ಇಪ್ಪತ್ತು ವರ್ಷದಲ್ಲಿ ನಾಲ್ಕು ಮಾಲೀಕರ ಕೈ ದಾಟಿದ ಗಾಡಿಯಾದರೆ ಬಿಚ್ಚಿದ ಸಾಮಾನನ್ನೂ ತನ್ನಿ. ಒಮ್ಮೆ ಒಬ್ಬರಿಗೆ ನಂಬರ್ ನೋಡಿಯೇ ಕ್ಲಚ್ ಪ್ಲೇಟ್ ಕೊಟ್ಟಿದ್ದೆ. ಪ್ಲೇಟಿನ ಅಗಲ ಸರಿ ಇತ್ತು, ನಡುವಿನ ಹಲ್ಲು ಕೂರಲಿಲ್ಲ. ಹಿಂದಿನ ಮಾಲೀಕರು ಯಾವಾಗಲೋ ಗೇರ್ ಬಾಕ್ಸನ್ನೇ ಬದಲಿಸಿದ್ದರು.

ಒಇಎಂ: ನಾನು ಹೆಚ್ಚಾಗಿ ಕೈ ಹಾಕುವ ಕಪಾಟು

ಲಾರಿ ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಸೆಲ್ಫು, ಆಲ್ಟರ್ನೇಟರ್‌ಗೆ ಲುಕಾಸ್ ಟಿವಿಎಸ್. ಸ್ಟೇರಿಂಗ್ ಸಾಮಾನಿಗೆ ರಾಣೆ. ಏರ್ ಬ್ರೇಕಿಗೆ ವ್ಯಾಬ್ಕೋ. ಬೇರಿಂಗಿಗೆ ಎಸ್‌ಕೆಎಫ್, ಟಿಮ್ಕೆನ್, ಎನ್‌ಬಿಸಿ. ಡೀಸೆಲ್ ಪಂಪಿಗೆ ಬಾಷ್. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಆಯಿತು. ಆದರೂ ನಮ್ಮ ಕಡೆ ಯಾವ ಮೇಸ್ತ್ರಿಯೂ ಬಾಷ್ ಪಂಪು ಅನ್ನುವುದಿಲ್ಲ, ಅದು ಮೈಕೋ ಪಂಪೇ.

ಇಂಥವರು ತಮ್ಮದೇ ಡಬ್ಬಿಯಲ್ಲಿ ಮಾರುವ ಮಾಲು ಜೆನ್ಯೂನ್‌ಗಿಂತ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತದೆ. ಗುಣ ಹತ್ತಿರ ಹತ್ತಿರ ಅದೇ. ರಸ್ತೆ ಪಕ್ಕ ನಿಲ್ಲಿಸುವ ಸಾಮಾನಿಗೂ, ನಿಲ್ಲಿಸಲಿಕ್ಕೇ ಆಗದಂತೆ ಮಾಡುವ ಸಾಮಾನಿಗೂ ನನ್ನ ಮೊದಲ ಆಯ್ಕೆ ಇದೇ.

ಕ್ಲಚ್ಚಿನದೇ ಲೆಕ್ಕ ಹಾಕಿ ನೋಡಿ. ಲೋಕಲ್ ಪ್ಲೇಟಿಗೂ ಒಳ್ಳೆಯದಕ್ಕೂ 2,500 ರೂಪಾಯಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿ 3,000. ಗಾಡಿ ಒಂದು ದಿನ ನಿಂತರೆ ದುಡಿಮೆಯಲ್ಲಿ 2,500 ಹೋಯಿತು ಅನ್ನಿ. ಲೋಕಲ್ ಪ್ಲೇಟ್ ಅರ್ಧಕ್ಕೇ ಸವೆದರೆ ಉಳಿಸಿದ್ದು 2,500. ಕಳೆದದ್ದು 5,500, ಮೇಲೆ ಇನ್ನೊಂದು ಪ್ಲೇಟು. ಗೇರ್ ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಆಯಿಲ್ ಸೀಲು ಮೂರನ್ನೂ ಬದಲಿಸಿಬಿಡಿ. “ಇನ್ನೂ ಚೆನ್ನಾಗೈತಿ, ಓಡ್ತೈತಿ” ಅಂತ ಹಳೇ ರಿಲೀಸ್ ಬೇರಿಂಗನ್ನೇ ಬಿಟ್ಟು, ಎರಡು ತಿಂಗಳಿಗೆ ಮತ್ತೆ ಗೇರ್ ಬಾಕ್ಸ್ ಇಳಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೆಸರು ಓಡುವ ಮಾಲಿಗೇ ನಕಲಿ ಕಾಟ ಜಾಸ್ತಿ. ಫಿಲ್ಟರು, ಬೇರಿಂಗು, ಬ್ರೇಕ್ ಸಾಮಾನು ಮೂರರಲ್ಲೂ ಹುಷಾರಾಗಿರಿ. ಡಬ್ಬಿಯ ಅಕ್ಷರ ಮಸುಕಾಗಿದೆಯಾ, ಎಂಆರ್‌ಪಿ ಚೀಟಿ ಅಂಟಿಸಿದ ರೀತಿ ಸರಿಯಿದೆಯಾ ನೋಡಿ. ಹೊಲೊಗ್ರಾಮ್ ಅಥವಾ ಕ್ಯೂಆರ್ ಕೋಡ್ ಇದ್ದರೆ ಫೋನಿನಲ್ಲಿ ಅಲ್ಲೇ ಪರೀಕ್ಷಿಸಿ. ಬೇರಿಂಗಿನ ಮೇಲಿನ ಬರಹವನ್ನೂ ಡಬ್ಬಿಯ ಮೇಲಿನ ನಂಬರನ್ನೂ ಹೋಲಿಸಿ. ಮುಖ್ಯವಾಗಿ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಬಿಲ್ ಬೇಡ ಅಂದರೆ ಸಿಗುತ್ತಿದ್ದ ಉಳಿತಾಯವೂ ಅಷ್ಟೇ ಇಳಿದಿದೆ. ಬಿಲ್ ಇಲ್ಲದ ಮಾಲು ಕೆಟ್ಟರೆ ವಾಪಸ್ ತರಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಲೋಕಲ್: ಎಲ್ಲಿ ಸರಿ, ಎಲ್ಲಿ ಬೇಡವೇ ಬೇಡ

ದೆಹಲಿಯ ಕಶ್ಮೀರಿ ಗೇಟ್, ರಾಜ್‌ಕೋಟ್, ನಮ್ಮ ಬೆಂಗಳೂರಿನ ಜೆ.ಸಿ. ರೋಡ್. ಲೋಕಲ್ ಮಾಲು ಹೆಚ್ಚಾಗಿ ಇಂಥ ಜಾಗಗಳಿಂದ ನಮ್ಮಂಥ ಊರುಗಳಿಗೆ ಬರುತ್ತದೆ. ಲೋಕಲ್ ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಟೇಲ್ ಲ್ಯಾಂಪು, ಕನ್ನಡಿ, ಮಡ್‌ಗಾರ್ಡು, ಬಂಪರ್ರು, ಬಾಗಿಲಿನ ಹಿಡಿಕೆ, ವೈಪರ್ ಬ್ಲೇಡು. ಇವಕ್ಕೆ ಜೆನ್ಯೂನ್ ಹಾಕುವುದು ದುಡ್ಡಿನ ದಂಡ.

ಬ್ರೇಕ್ ಲೈನಿಂಗ್ ಮಾತ್ರ ಲೋಕಲ್ ಬೇಡ. ಇದಕ್ಕೆ ಕಾರಣ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅದು ಗಣಿಯ ಅದಿರು ಸಾಗಿಸುತ್ತಿದ್ದ ಕಾಲ. ಹೊಸಪೇಟೆ, ಸಂಡೂರು ಕಡೆಯಿಂದ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಅಂಗಡಿಯಲ್ಲಿ ನೂಕುನುಗ್ಗಲು. ಒಳ್ಳೆಯ ಲೈನಿಂಗ್ ಸ್ಟಾಕ್ ಮುಗಿದಿತ್ತು. ಒಬ್ಬ ಗಿರಾಕಿ ಕಾಯಲು ಒಪ್ಪಲಿಲ್ಲ. ಅಪ್ಪ ಲೋಕಲ್ ಸೆಟ್ ಕೊಟ್ಟುಬಿಟ್ಟರು. ಅರಬೈಲಿನ ಇಳಿಜಾರಿನಲ್ಲಿ ಡ್ರಮ್ ಕಾದು ಲೈನಿಂಗ್ ಹಿಡಿತ ಬಿಟ್ಟಿತು. ಡ್ರೈವರ್ ಗೇರ್ ಇಳಿಸಿ, ಗಾಡಿಯನ್ನು ಗುಡ್ಡದ ಕಡೆಗೆ ಒತ್ತಿ, ರಸ್ತೆ ಕೆಲಸಕ್ಕೆ ಸುರಿದಿದ್ದ ಮೊರಂ ರಾಶಿಗೆ ಹತ್ತಿಸಿ ನಿಲ್ಲಿಸಿದ. ಜೀವ ಉಳಿಯಿತು. ಮರುದಿನ ಅಪ್ಪ ಅಲ್ಲಿಗೇ ಹೋದರು. ಮುರಿದ ಸಾಮಾನಿನ ದುಡ್ಡೂ ಕೊಟ್ಟರು, ಕೂಲಿಯೂ ಕೊಟ್ಟರು. ವಾಪಸ್ ಬಂದವರೇ ಕಪಾಟಿನಲ್ಲಿದ್ದ ಲೋಕಲ್ ಲೈನಿಂಗ್ ಅಷ್ಟನ್ನೂ ಹೊರಗೆ ತೆಗೆಸಿದರು. ಮಾರಲಿಲ್ಲ, ಬೇರೆ ಅಂಗಡಿಗೆ ದಾಟಿಸಲೂ ಇಲ್ಲ. ಗುಜರಿಗೆ ತೂಕಕ್ಕೆ ಹಾಕಿದರು. ನಾನು “ಅಷ್ಟೂ ಬಂಡವಾಳ ಹೋಯ್ತಲ್ಲಪ್ಪಾ” ಅಂದೆ. “ನಾವು ಮಾರಬಾರದ್ದನ್ನ ಇನ್ನೊಬ್ಬರ ಕೈಲಿ ಮಾರಿಸಬಾರದು ತಮ್ಮಾ” ಅಂದರು.

ಲೈನಿಂಗ್ ಬಗ್ಗೆ ಇನ್ನೆರಡು ಮಾತು. ಒಂದೇ ಆಕ್ಸಲ್‌ನ ಎರಡೂ ಕಡೆಗೆ ಒಂದೇ ಕಂಪನಿಯದು ಹಾಕಿ, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ತೀರಾ ಗಟ್ಟಿ ಲೈನಿಂಗ್ ಬೇಗ ಸವೆಯುವುದಿಲ್ಲ ಅಂತ ಖುಷಿಪಡಬೇಡಿ, ಅದು ಡ್ರಮ್ಮನ್ನು ತಿನ್ನುತ್ತದೆ.

ಟೈ ರಾಡ್ ಎಂಡ್, ಕಿಂಗ್ ಪಿನ್, ಬ್ರೇಕ್ ಚೇಂಬರಿನ ಡಯಾಫ್ರಾಮ್, ಹಬ್ ಬೇರಿಂಗಿಗೂ ಇದೇ ಮಾತು. ಸ್ಪ್ರಿಂಗ್ ಪಟ್ಟಿಯಲ್ಲಿ ಮೇನ್ ಲೀಫ್ ಒಳ್ಳೆಯದೇ ಇರಲಿ. ಹದ ಸರಿಯಿಲ್ಲದ ಉಕ್ಕು ಲೋಡು ಬಿದ್ದಾಗ ಸೆಂಟರ್ ಬೋಲ್ಟ್ ಹತ್ತಿರವೇ ತುಂಡಾಗುತ್ತದೆ.

ಆ ಘಟನೆಯ ನಂತರ ಅಪ್ಪ ಬಿಲ್ಲಿನಲ್ಲಿ ಲೋಕಲ್ ಮಾಲಿನ ಮುಂದೆ “ಲೋ” ಅಂತ ಕೈಯಲ್ಲೇ ಬರೆಯಲು ಶುರು ಮಾಡಿದರು. ಗಿರಾಕಿಗೆ ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿರಲಿ ಅಂತ. ಈಗ ಬಿಲ್ ಕಂಪ್ಯೂಟರಿನಲ್ಲಿ ಬರುತ್ತದೆ, ಆ “ಲೋ” ಅದರಲ್ಲೂ ಇದೆ. ನಿಮ್ಮ ಅಂಗಡಿಯವರು ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.

ಗುಜರಿ: ತಗಡು ಮತ್ತು ಎರಕ

2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದು ಹಬ್ಬಿತು. ಸಾಲ ಮಾಡಿ ಲಾರಿ ಕೊಂಡಿದ್ದವರು ಕೈಕಟ್ಟಿ ಕೂತರು. ನಮ್ಮ ಉದ್ರಿ ಪುಸ್ತಕದಲ್ಲಿದ್ದ ಎಷ್ಟೋ ಹೆಸರುಗಳಿಂದ ದುಡ್ಡು ಬರುವ ದಾರಿ ಮುಚ್ಚಿತು. ಅಪ್ಪ ಯಾರ ಮನೆ ಮುಂದೆಯೂ ಹೋಗಿ ಜಗಳ ಮಾಡಲಿಲ್ಲ. ದುಡ್ಡು ಇಲ್ಲದವರು ಬಿಚ್ಚಿದ ಸಾಮಾನು ತಂದರೆ ಬೆಲೆ ಕಟ್ಟಿ ಬಾಕಿಯಲ್ಲಿ ಕಳೆದರು. ಬಾಗಿಲು, ಬಾನೆಟ್ಟು, ಡೀಸೆಲ್ ಟ್ಯಾಂಕು, ಹೌಸಿಂಗು. ನಮ್ಮ ಹಿತ್ತಲಿನ ಹಳೇ ಸಾಮಾನಿನ ಶೆಡ್ಡು ಹುಟ್ಟಿದ್ದು ಹಾಗೆ.

ಆ ಶೆಡ್ಡು ನನಗೆ ಕಲಿಸಿದ್ದು ಇಷ್ಟು. ತಗಡಿನದು, ಎರಕದ್ದು ಹಳೆಯದಾದರೂ ಸಾಗುತ್ತದೆ. ತಿರುಗುವುದು, ಉಜ್ಜುವುದು, ರಬ್ಬರಿನದು ಸಾಗುವುದಿಲ್ಲ. ಬಾಗಿಲು, ಬಾನೆಟ್ಟು, ಬಿರುಕಿಲ್ಲದ ಹೌಸಿಂಗು, ಗೇರ್ ಬಾಕ್ಸಿನ ಹೊರಮೈ ಇವನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಹಳೇ ಬಾಗಿಲಿನ ತಗಡು ಎಷ್ಟೋ ಸಲ ಹೊಸ ಲೋಕಲ್ ಬಾಗಿಲಿಗಿಂತ ದಪ್ಪ ಇರುತ್ತದೆ, ಕೂರುವುದೂ ಸರಿಯಾಗಿ. ವೀಲ್ ಡಿಸ್ಕ್ ಆದರೆ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯಾ ಅಂತ ಬಣ್ಣ ಕೆರೆದು ನೋಡಿ. ಹಳೇ ಬೇರಿಂಗು, ಹಳೇ ಬ್ರೇಕ್ ಸಾಮಾನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಗುಜರಿಯಲ್ಲಿ ಇಡೀ ಎಂಜಿನ್ ಕೊಳ್ಳುವವರು ಕಾಗದ ಪತ್ರ ಮೊದಲು ನೋಡಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರ್ ಬರೆಸಬೇಕು. ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಹೇಳದವರ ಹತ್ತಿರ ಕೊಳ್ಳಬೇಡಿ. ಕದ್ದ ಗಾಡಿಯದಾದರೆ ಪೊಲೀಸರ ಮುಂದೆ ನಿಲ್ಲುವವರು ನೀವು.

ರೀಕಂಡಿಷನ್: ಕೆಲಸ ಮಾಡುವ ಕೈಯ ಮೇಲೆ ನಿಂತದ್ದು

ಹಳೇ ಗಾಡಿಗೆ ತುಂಬ ಒಳ್ಳೆಯ ದಾರಿ, ಆದರೆ ಜನ ಮರೆಯುವ ದಾರಿ. ಡೀಸೆಲ್ ಪಂಪಿನ ಮೈ ಚೆನ್ನಾಗಿದ್ದರೆ ಎಲಿಮೆಂಟು, ಡೆಲಿವರಿ ವಾಲ್ವು ಬದಲಿಸಿ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ (ಡೀಸೆಲ್ ಬಿಡುವ ಅಳತೆ ಸರಿಹೊಂದಿಸುವುದು) ಮಾಡಿಸಿದರೆ ಸಾಕು. ಇದನ್ನು ಬಾಷ್‌ನ ಅಧಿಕೃತ ಡೀಸೆಲ್ ಸರ್ವಿಸ್‌ನಲ್ಲೇ ಮಾಡಿಸಿ. ಬೆಂಚ್ ಇಲ್ಲದೆ ಕಿವಿಯಲ್ಲಿ ಕೇಳಿ ಪಂಪ್ ಸೆಟ್ ಮಾಡುವವರು ಕೊನೆಗೆ ನಿಮ್ಮ ಡೀಸೆಲ್ ಸುಡುತ್ತಾರೆ.

ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ಹಿಂದೆ ಎಷ್ಟು ಗ್ರೈಂಡ್ ಆಗಿದೆ ಅಂತ ಅಳೆಸಿಯೇ ಬೇರಿಂಗ್ ಕೊಳ್ಳಿ. ಕಮಿನ್ಸ್ 6ಬಿಟಿ ಎಂಜಿನ್ ಇರುವ ಗಾಡಿಯವರಿಗೆ ಒಂದು ವಿಷಯ. ಅದರ ಬ್ಲಾಕಿಗೆ ಬೇರೆ ಲೈನರ್ ಇರುವುದಿಲ್ಲ, ಪಿಸ್ಟನ್ ಓಡುವುದು ಬ್ಲಾಕಿನ ಮೈಯಲ್ಲೇ. ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಇಲ್ಲವೇ ಸ್ಲೀವ್ ಕೂರಿಸಬೇಕು. ಅದಕ್ಕೆ ಲೇತಿನವರ ಕೈ ಮುಖ್ಯ, ಬೋರ್ ಅಳೆಯುವ ಗೇಜ್ ಇರುವವರ ಹತ್ತಿರವೇ ಹೋಗಿ.

ಟಾಟಾದವರದೇ ಪ್ರೊಲೈಫ್ ಹೆಸರಿನ ರೀಕಂಡಿಷನ್ ಸಾಮಾನೂ ಇದೆ. ಹಳೆಯದು ಕೊಟ್ಟು ಸಿದ್ಧವಾದದ್ದು ತರಬಹುದು. ಲೇತಿನ ಮುಂದೆ ವಾರ ಕಾಯಲು ಆಗದವರಿಗೆ ಅನುಕೂಲ. ನಿಮ್ಮ ಮಾಡೆಲ್‌ಗೆ ಇದೆಯಾ ಅಂತ ಮೊದಲು ಫೋನ್ ಮಾಡಿ ಕೇಳಿ.

ಯಾರಿಗೆ ಯಾವುದು

ಐದಾರು ಗಾಡಿ ಇದ್ದವರು ರೀಕಂಡಿಷನ್ ಮಾಡಿದ ಒಂದು ಸೆಲ್ಫು, ಒಂದು ಆಲ್ಟರ್ನೇಟರು ಶೆಡ್ಡಿನಲ್ಲಿ ಸಿದ್ಧ ಇಡಿ. ಗಾಡಿ ಬಂದ ಕೂಡಲೇ ಬದಲಿಸಿ ಕಳಿಸಿ, ಬಿಚ್ಚಿದ್ದನ್ನು ನಿಧಾನವಾಗಿ ರಿಪೇರಿ ಮಾಡಿಸಿ. ಆರು ತಿಂಗಳಲ್ಲಿ ಮಾರುವವರು ಎಂಜಿನ್ನಿಗೆ ಜೆನ್ಯೂನ್ ಹಾಕಿದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಆದರೂ ಬ್ರೇಕು, ಸ್ಟೇರಿಂಗ್ ಬಿಗಿ ಮಾಡಿಸಿಯೇ ಕೊಡಿ, ಕೊಂಡವನೂ ಅದೇ ಘಾಟಿ ಇಳಿಯುತ್ತಾನೆ. ಇನ್ನೂ ಐದಾರು ವರ್ಷ ಓಡಿಸುವವರಿಗೆ ಹೌಸಿಂಗ್, ಗೇರ್ ಬಾಕ್ಸ್ ಕೆಲಸದಲ್ಲಿ ಜೆನ್ಯೂನೇ ಅಗ್ಗ.

ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಅಂಗಡಿಯ ಒಳಗಿನ ಒಂದು ಮಾತು ಹೇಳಲೇಬೇಕು. ಉದ್ರಿಯಲ್ಲಿ ಕೊಂಡರೆ ಆಯ್ಕೆ ನಿಮ್ಮ ಕೈಲಿ ಉಳಿಯುವುದಿಲ್ಲ. ಅಂಗಡಿಯವನು ತನ್ನಲ್ಲಿ ಏನು ಉಳಿದಿದೆಯೋ, ಯಾವುದರಲ್ಲಿ ಲಾಭ ಜಾಸ್ತಿಯೋ ಅದನ್ನೇ ಕೊಡುತ್ತಾನೆ, ನೀವು ಬೇಡ ಅನ್ನಲಾರಿರಿ. 2011ರ ನಂತರ ಅಪ್ಪ ಒಂದು ಕಟ್ಟುಪಾಡು ಮಾಡಿದರು. ಬ್ರೇಕು, ಸ್ಟೇರಿಂಗ್ ಸಾಮಾನಿಗೆ ಉದ್ರಿ ಕೊಡುತ್ತೇವೆ, ಬಾಡಿ ಸಾಮಾನಿಗೆ ನಗದೇ. ಈಗಲೂ ಹಾಗೇ ನಡೆಸುತ್ತಿದ್ದೇನೆ. ನಿಮ್ಮ ಕೈಲಿರುವ ನಗದು ಮೊದಲು ಹೋಗಬೇಕಾದ್ದು ಬ್ರೇಕು, ಸ್ಟೇರಿಂಗಿನಂಥ ಸಾಮಾನಿಗೆ. ಬಾಗಿಲು, ಬಂಪರ್ ಮುಂದಿನ ತಿಂಗಳಿಗೆ ಕಾಯಲಿ.

ಈಗ ಆ ಚೀಟಿ. ಬ್ರೇಕ್ ಲೈನಿಂಗ್ ಎರಡೂ ಕಡೆ ಒಂದೇ ಕಂಪನಿಯ ಒಇಎಂ, ಡ್ರಮ್ ಲೇತಿನಲ್ಲಿ ಅಳತೆಗೆ. ಶಿರಾಡಿ ಇಳಿಯುವ ಗಾಡಿಗೆ ಇದರಲ್ಲಿ ಬೇರೆ ಮಾತಿಲ್ಲ. ಕ್ಲಚ್ ಪೂರ್ತಿ ಸೆಟ್ ಒಇಎಂ, ಬೇರಿಂಗು ಸೀಲು ಸಮೇತ. ಪಂಪು ರೀಕಂಡಿಷನ್. ಸೆಲ್ಫ್ ಬಿಚ್ಚಿಸಿ ನೋಡಿದೆವು. ಒಳಗೆ ತಿರುಗುವ ಆರ್ಮೇಚರ್ ಗಟ್ಟಿ ಇತ್ತು, ಬುಷ್ಷು ಮತ್ತು ಕಾರ್ಬನ್ ಹಾಕಿದರೆ ಸಾಕಾಯಿತು, ಹೊಸದರ ದುಡ್ಡು ಉಳಿಯಿತು. ಟೇಲ್ ಲ್ಯಾಂಪು ಲೋಕಲ್. ಬಾಗಿಲು ನಮ್ಮ ಹಿತ್ತಲಿನ ಶೆಡ್ಡಿನದೇ ಕೂತಿತು. ಅದು ನೀಲಿ ಬಣ್ಣದ್ದು, ಅವರ ಗಾಡಿ ಕೇಸರಿ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಲ್ಲ, ಆ ಹೊತ್ತಿಗೆ ಬಣ್ಣ ಹೊಡೆಸುತ್ತಾರಂತೆ. ಮೊನ್ನೆ ಬೆಳಗ್ಗೆ ನೀಲಿ ಬಾಗಿಲಿನಲ್ಲೇ ಮಂಗಳೂರಿಗೆ ಹೊರಟರು.